ಅರ್ಧಕ್ಕಿಂತ ಒಂದು ಹೆಚ್ಚು

ಟ್ಯಾನ್ಸಿ ಫ್ಲಾಟ್, ವಾಷಿಂಗ್ಟನ್ ರಾಜ್ಯ
ಫೆಬ್ರವರಿ 3, 2008

ಪ್ರೀತಿಯ ಮರ್ಲ್,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ಓದಿದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ಅಲಾಸ್ಕಾದ ಆ ಮೀನಿನ ಕಾರ್ಖಾನೆಯ ಚಳಿಯಲ್ಲಿ ಸ್ವಲ್ಪ ಮೈ ಬಿಸಿಯಾದರೂ ಆಗುತ್ತದೆ.

ನಮ್ಮ ಶಾಲೆಯ ಲೆವಿ ಮತ್ತೆ ಮತಕ್ಕೆ ಬರುತ್ತಿದೆ. ಮಾರ್ಚ್ 11, ಮಂಗಳವಾರ. ನಾಲ್ಕು ವರ್ಷ ಊರಿನ ಮನೆ ಜಮೀನುಗಳ ಮೇಲೆ ತೆರಿಗೆ; ಅದರಿಂದ ಹೊಸ ಚಾವಣಿ, ಹೊಸ ಬಾಯ್ಲರ್, ಹೊಸ ವೈರಿಂಗ್, ಮಕ್ಕಳಿಗೆ ಕಂಪ್ಯೂಟರ್. ಊರಿನವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಳೆದ ಎರಡು ಸಲ ನಾವು ಹೇಗೆ ಸೋತೆವು ಎಂದು ನಿನಗೆ ಹೇಳಬೇಕಾಗಿಲ್ಲ, ಸೋಲಿಸಿದವರಲ್ಲಿ ನೀನೂ ಒಬ್ಬ. ನೂರಕ್ಕೆ ಐವತ್ತೇಳು ಬಂತು, ಆಮೇಲೆ ಐವತ್ತೆಂಟು ಬಂತು. ಅರವತ್ತು ಬರಲಿಲ್ಲ.

ಆದರೆ ಈ ಸಲ ಅರವತ್ತು ಬೇಡ! ನವೆಂಬರಿನಲ್ಲಿ ಇಡೀ ರಾಜ್ಯ ಮತ ಹಾಕಿ ಆ ನಿಯಮವನ್ನೇ ತೆಗೆದುಹಾಕಿತು. ನೀನಾಗಲೇ ಹಡಗು ಹತ್ತಿದ್ದೆ. ಇನ್ನು ಮೇಲೆ ಲೆವಿಗೆ ಅರ್ಧಕ್ಕಿಂತ ಒಂದು ಮತ ಹೆಚ್ಚಿದ್ದರೆ ಸಾಕು. ನನಗೆ ಐವತ್ತೆಂಟು ವರ್ಷ, ಆದರೂ ಅಡುಗೆಮನೆಯಲ್ಲಿ ನಿಂತಲ್ಲೇ ಕುಣಿದೆ.

ಕುಣಿತದ ಜೊತೆ ಹೆದರಿಕೆಯೂ ಇದೆ. ಶಾಲಾ ಮಂಡಳಿ ತೀರ್ಮಾನ ಮಾಡಿಯಾಗಿದೆ: ಈ ಸಲ ಸೋತರೆ ಮೇಲಿನ ನಾಲ್ಕು ತರಗತಿಗಳಿಗೆ ಬೀಗ. ಮಕ್ಕಳು ನಲವತ್ತು ಮೈಲಿ ದೂರದ ಕಾರ್ವರ್‌ಗೆ ಬಸ್ಸಿನಲ್ಲಿ ಹೋಗಬೇಕು, ಶಾಲೆಯ ಕಚೇರಿಯಲ್ಲಿ ನನ್ನ ಕುರ್ಚಿಯೂ ಹೋಗುತ್ತದೆ. ಮೇಲಿನ ಮಹಡಿಯಲ್ಲಿ ಈಗಾಗಲೇ ಏಳು ಬಕೆಟ್ ಇಟ್ಟಿದ್ದೇವೆ. ಹಿಮ ಕರಗಿದ ದಿನ ಪಾಠಕ್ಕಿಂತ ಬಕೆಟ್ ಸುರಿಯುವ ಕೆಲಸವೇ ಹೆಚ್ಚು.

ಲೆವಿಯ ಪರ ಪ್ರಚಾರ ಮಾಡುವ ನಾಗರಿಕರ ಸಮಿತಿಗೆ ನಾನೇ ಮುಖ್ಯಸ್ಥೆ. ಶಾಲೆಯ ಸಮಯದಲ್ಲಲ್ಲ, ಗಾಬರಿಯಾಗಬೇಡ.

ನಿನ್ನ ಮನೆ ಚೆನ್ನಾಗಿದೆ. ವಾರಕ್ಕೆರಡು ಸಲ ಟಪಾಲು ತೆಗೆದಿಡುತ್ತಿದ್ದೇನೆ.

ನಿನ್ನ ತಂಗಿ,
ಲಿಯೋಟಾ


ಅಲ್ಯೂಷಿಯನ್ ದ್ವೀಪಗಳು, ಅಲಾಸ್ಕಾ
ಫೆಬ್ರವರಿ 12, 2008
(ಬೆರಳಚ್ಚು)

ಲಿಯೋಟಾ,

ಪತ್ರ ತಲುಪಿತು. ಸಿಟ್ಟು ಬರಲಿಲ್ಲ, ನಗು ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ನಿನ್ನ ಹಳೆಯ ಅಭ್ಯಾಸ. ನಾವು ಹುಟ್ಟುವ ಮುಂಚಿನಿಂದ ಲೆವಿಗೆ ಅರವತ್ತು ಬೇಕು. ಕಾನೂನು ಬದಲಾದರೂ ಅದು ನಮ್ಮ ಊರು ತಲುಪಲು ಎರಡು ವರ್ಷ ಹಿಡಿಯುತ್ತದೆ.

ನನ್ನ ಮಾತು ಬದಲಾಗಿಲ್ಲ. ನಾನು ಬೆಸುಗೆ ಹಾಕಲು, ಮೋಟಾರು ಬಿಚ್ಚಲು ಕಲಿತ ವರ್ಕ್‌ಶಾಪನ್ನು ಎಂಬತ್ತೊಂಬತ್ತರಲ್ಲಿ ಮುಚ್ಚಿ, ನೆಲಕ್ಕೆ ಕಾರ್ಪೆಟ್ ಹಾಸಿ ಕಂಪ್ಯೂಟರ್ ಕೋಣೆ ಮಾಡಿದರು. ಆ ಕಾರ್ಪೆಟ್ ಹಾಸಿದ ದಿನದಿಂದ ನಾನು ಪ್ರತಿ ಲೆವಿಗೂ ಬೇಡ ಅಂದಿದ್ದೇನೆ. ನಾನು ಇಡೀ ಜೀವನ ಅನ್ನ ತಿಂದದ್ದು ಆ ವರ್ಕ್‌ಶಾಪಿನಿಂದ, ಪರದೆಯಿಂದಲ್ಲ.

ಮತಪತ್ರ ಅಂಚೆಯಲ್ಲಿ ಮನೆಗೆ ಬಂದಾಗ ಇಲ್ಲಿಗೆ ಕಳಿಸು, ಗುರುತು ಹಾಕಿ ಅಂಚೆಯಲ್ಲೇ ಕೌಂಟಿಯ ಚುನಾವಣಾ ಕಚೇರಿಗೆ ಕಳಿಸುತ್ತೇನೆ.

ಮರ್ಲ್


ಟ್ಯಾನ್ಸಿ ಫ್ಲಾಟ್
ಫೆಬ್ರವರಿ 22, 2008

ಮರ್ಲ್,

ಇಗೋ ನಿನ್ನ ಮತಪತ್ರ. ಲಕೋಟೆಯ ಹಿಂದೆ ಸಹಿ ಹಾಕುವುದನ್ನು ಮರೆಯಬೇಡ. ಹೊಸ ನಿಯಮ ಊರು ತಲುಪಿದೆ ಎಂಬುದಕ್ಕೆ ಪತ್ರಿಕೆಯ ತುಂಡನ್ನೂ ಇಟ್ಟಿದ್ದೇನೆ, ಓದು.

ಅದಿರಲಿ, ಸ್ವಂತ ತಂಗಿಗೆ ಯಾರಾದರೂ ಟೈಪ್ ಮಾಡಿದ ಪತ್ರ ಬರೆಯುತ್ತಾರೆಯೇ? ತೆರಿಗೆ ಇಲಾಖೆಯ ನೋಟಿಸು ಬಂತೆಂದು ಒಂದು ಕ್ಷಣ ಎದೆ ಧಸಕ್ಕೆಂದಿತು. ನನ್ನ ಮೇಲೆ ಅಷ್ಟೊಂದು ಕೋಪವಿದ್ದರೆ ಕೈಯಲ್ಲೇ ಬರೆದು ಬೈಯಿ.

ಇಲ್ಲಿ ಏನು ನಡೆಯುತ್ತಿದೆ ಗೊತ್ತೇ? ಶಾಲೆಯ ಸಮಯದಲ್ಲಿ, ಶಾಲೆಯ ಆವರಣದಲ್ಲಿ, ನಾವು ನೌಕರರು "ಬೇಕು" ಎಂದು ಹಾಕಿ ಅನ್ನುವಂತಿಲ್ಲ. ಚಾವಣಿ ಸೋರುತ್ತದೆ ಅನ್ನಬಹುದು, ಚಾವಣಿಗಾಗಿ ಮತ ಕೊಡಿ ಅನ್ನುವಂತಿಲ್ಲ. ಹೋದ ವಾರ ಆಲ್ವೀನಾ ಊರುಗೋಲು ಕುಟ್ಟಿಕೊಂಡು ಶಾಲಾ ಕಚೇರಿಯ ನನ್ನ ಕಿಟಕಿಗೆ ಬಂದಳು.

"ಲಿಯೋಟಾ, ನಾನು ಯಾವ್ದಕ್ಕೆ ಗುರುತು ಹಾಕ್ಲಿ ಹೇಳಮ್ಮ."

"ನಾನು ಹೇಳೋ ಹಾಗಿಲ್ಲ ಆಲ್ವೀನಾ. ಕಾನೂನು."

"ನೀನು ಹುಟ್ದಾಗ್ಲಿಂದ ಬಾಯಿ ಮುಚ್ಚಿದ್ದು ನಾ ನೋಡಿಲ್ಲ. ಈಗೇನು ಕಾನೂನು?"

ನಾನು ಗಡಿಯಾರ ತೋರಿಸಿದೆ. ಮೂರೂ ಇಪ್ಪತ್ತು. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ನನ್ನನ್ನೇ ನೋಡಿದಳು. ಮೂರೂವರೆಗೆ ಕೆಲಸ ಮುಗಿದದ್ದೇ ನಾನು ಕತ್ತಿನ ಗುರುತಿನ ಚೀಟಿ ತೆಗೆದು, ಕೋಟು ಹಾಕಿ, ಅವಳ ಕೈ ಹಿಡಿದು ರಸ್ತೆ ದಾಟಿಸಿ, ಆಚೆ ಬದಿಯ ಕಾಲುದಾರಿಯ ಮೇಲೆ ನಿಲ್ಲಿಸಿ, ಅವಳ ಕಿವಿಯಲ್ಲಿ "ಬೇಕು" ಅಂದೆ. ಈಗ ಊರಿನಲ್ಲಿ ಅದೇ ಹಾಸ್ಯ. ಮೂರೂವರೆಗೆ ಕಾಲುದಾರಿಯ ಮೇಲೆ ನಾಲ್ಕೈದು ಜನ ನನಗಾಗಿ ಕಾಯುತ್ತಿರುತ್ತಾರೆ. ಕಾಫಿ ಅಂಗಡಿಯ ನಿನ್ನ ಗೆಳೆಯ ಡೆಲ್ಬರ್ಟ್ ಕೂಡ ಬರುತ್ತಾನೆ, ಪಕ್ಕದಲ್ಲೇ ನಿಂತು "ಬೇಡ" ಅನ್ನಲು.

ಒಂದು ಮಾತು ಯೋಚಿಸು. ನೂರಕ್ಕೆ ಅರವತ್ತು ಬೇಕಿದ್ದ ಕಾಲದಲ್ಲಿ ನಿನ್ನ ಒಂದು "ಬೇಡ"ವನ್ನು ಎತ್ತಲು ನಮ್ಮ ಒಂದೂವರೆ "ಬೇಕು" ಬೇಕಾಗುತ್ತಿತ್ತು. ಇಷ್ಟು ವರ್ಷ ನೀನು ಒಂದೂವರೆ ಮನುಷ್ಯನಾಗಿದ್ದೆ. ಈಗ ನನ್ನ ಹಾಗೆ ಒಬ್ಬನೇ. ಹೇಗನಿಸುತ್ತದೆ?

ಲಿಯೋಟಾ


ಅಲ್ಯೂಷಿಯನ್ ದ್ವೀಪಗಳು
ಮಾರ್ಚ್ 3, 2008
(ಬೆರಳಚ್ಚು)

ಲಿಯೋಟಾ,

ಮತ ಹಾಕಿ ಅಂಚೆಗೆ ಹಾಕಿದ್ದೇನೆ. ಪತ್ರಿಕೆಯ ತುಂಡು ಓದಲಿಲ್ಲ. ಚುನಾವಣೆಯ ಸಮಯದಲ್ಲಿ ನೀನು ಕಳಿಸುವ ಯಾವ ತುಂಡನ್ನೂ ಓದಬಾರದೆಂಬುದು ನನ್ನ ನಿಯಮ. ಟೈಪ್ ಮಾಡುವುದಕ್ಕೆ ಕೋಪ ಕಾರಣವಲ್ಲ. ಕಚೇರಿಯಲ್ಲಿ ಒಂದು ಯಂತ್ರ ಸುಮ್ಮನೆ ಬಿದ್ದಿತ್ತು.

ಮೀನು ಹೆಪ್ಪುಗಟ್ಟಿಸುವ ಶೀತಲ ಯಂತ್ರಗಳನ್ನೆಲ್ಲ ಈ ವರ್ಷ ಕಂಪ್ಯೂಟರ್ ಪರದೆಗೆ ಜೋಡಿಸಿದ್ದಾರೆ. ನನ್ನ ಪಾಳಿಯಲ್ಲಿ ಅರಸೆಲಿ ಎಂಬ ಹುಡುಗಿ ಇದ್ದಾಳೆ, ಇಪ್ಪತ್ತನಾಲ್ಕು ವರ್ಷ. ಅವಳು ಪರದೆ ನೋಡುತ್ತಾಳೆ, ನಾನು ಯಂತ್ರ ನೋಡುತ್ತೇನೆ. ಶಾಲೆಯಲ್ಲೇ ಕಲಿತದ್ದಂತೆ. ನಮ್ಮ ಶಾಲೆಯಲ್ಲಿ ಆ ಕಾರ್ಪೆಟ್ ಕೋಣೆಯಲ್ಲಿ ಈಗ ನಿಜವಾಗಿ ಏನು ಕಲಿಸುತ್ತಾರೆ?

ಮರ್ಲ್


ಟ್ಯಾನ್ಸಿ ಫ್ಲಾಟ್
ಮಾರ್ಚ್ 14, 2008
(ಮೇವಿನ ಅಂಗಡಿಯಿಂದ ಫ್ಯಾಕ್ಸ್, ಶಾಲೆಯ ಯಂತ್ರ ಮುಟ್ಟಿಲ್ಲ)

ಮರ್ಲ್! ಮರ್ಲ್!

ಆರುನೂರ ಹನ್ನೆರಡು ಬೇಕು. ಆರುನೂರ ಹನ್ನೊಂದು ಬೇಡ.

ಮಂಗಳವಾರದ ಮೊದಲ ಎಣಿಕೆಯಲ್ಲಿ ಹದಿನೇಳು ಹಿಂದಿದ್ದೆವು. ಡೆಲ್ಬರ್ಟ್ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಬೆರ್ರಿ ಪೈ ಹಂಚಿದ. ಬುಧವಾರ ತಡವಾದ ಅಂಚೆ ಬಂತು, ಆರು ಹಿಂದೆ. ಗುರುವಾರ ಒಂದು ಹಿಂದೆ. ಇವತ್ತು ಒಂದು ಮುಂದೆ! ನಾನು ಡೆಲ್ಬರ್ಟನ ಹತ್ತಿರ ಹೋಗಿ ಪೈ ಉಳಿದಿದೆಯೇ ಎಂದು ಕೇಳಿದೆ. ಕಾರ್ಪೆಟ್ ಕೋಣೆಯ ಬಗ್ಗೆ ಚುಚ್ಚು ಮಾತಾಡಿದ್ದೀಯಲ್ಲ, ಇವತ್ತು ನನಗದು ನಾಟುವುದೇ ಇಲ್ಲ.

ಪೂರ್ತಿ ಮುಗಿದಿಲ್ಲ. ಇಪ್ಪತ್ತಾರನೇ ತಾರೀಕು ಕೌಂಟಿಯವರು ಫಲಿತಾಂಶಕ್ಕೆ ಮುದ್ರೆ ಒತ್ತುತ್ತಾರೆ. ನಮ್ಮ ಶಾಲೆಯ ಪಾಲಿನ ಒಂದೇ ಒಂದು ಲಕೋಟೆ ಬಾಕಿ. ಅದರ ಮೇಲಿನ ಸಹಿ ದಾಖಲೆಯ ಸಹಿಗೆ ಹೊಂದುತ್ತಿಲ್ಲವಂತೆ, ಆ ಮತದಾರನಿಗೆ ಪತ್ರ ಬರೆದಿದ್ದಾರಂತೆ. ಇಪ್ಪತ್ತೈದರ ಸಂಜೆಯೊಳಗೆ ಅವನು ಸರಿಪಡಿಸಿದರೆ ಎಣಿಸುತ್ತಾರೆ, ಇಲ್ಲವಾದರೆ ತೆರೆಯುವುದೇ ಇಲ್ಲ. ಯಾರೋ ಏನೋ. "ಬೇಡ" ಎಂದವನಾಗಿದ್ದರೆ ಇಪ್ಪತ್ತಾರರವರೆಗೆ ಹಾಯಾಗಿ ನಿದ್ದೆ ಮಾಡಲಿ.

ಲಿಯೋಟಾ


ಅಲ್ಯೂಷಿಯನ್ ದ್ವೀಪಗಳು
ಮಾರ್ಚ್ 19, 2008
(ಬೆರಳಚ್ಚು, ಫ್ಯಾಕ್ಸ್)

ಲಿಯೋ,

ನಿನ್ನ ಫ್ಯಾಕ್ಸ್ ಇವತ್ತು ಕೈಗೆ ಬಂತು. ಕಚೇರಿಯವರಿಗೆ ಕೊಡಲು ನೆನಪಿರಲಿಲ್ಲ.

ಅಂಕಿ ಎರಡು ಸಲ ಓದಿದೆ. ಒಂದು ಮತ ಮುಂದಿದ್ದರೆ ಅದು ಐವತ್ತು ಆಗುತ್ತದೆ, ಅರವತ್ತಲ್ಲ. ಯಾರೂ ನಿನಗೆ ಇದನ್ನು ನೇರವಾಗಿ ಹೇಳುತ್ತಿಲ್ಲವೆಂದು ಕಾಣುತ್ತದೆ, ಅದಕ್ಕೇ ನಾನು ಹೇಳುತ್ತಿದ್ದೇನೆ. ಸೋತಿದ್ದೀಯ, ಲಿಯೋ. ಹಿಂದಿನ ಎರಡು ಸಲಕ್ಕಿಂತ ಕೆಟ್ಟದಾಗಿ.

ನೀನು ಎಂಟು ವರ್ಷದವಳಿದ್ದಾಗ ಶಾಲೆಯ ಗಂಟೆ ಹೊಡೆಯುವ ಕೆಲಸ ಸಿಗಲಿಲ್ಲವೆಂದು ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದೆ. ಆಗ ನಾನು ನಕ್ಕಿದ್ದೆ. ಇವತ್ತು ನಗು ಬರುತ್ತಿಲ್ಲ. ಇಪ್ಪತ್ತಾರು ವರ್ಷ ಕೂತ ಕುರ್ಚಿ ಬಿಟ್ಟು ಏಳುವುದು ಸುಲಭವಲ್ಲ, ನನಗೆ ಗೊತ್ತು. ನನ್ನ ಮನೆಯಲ್ಲಿ ಸೌದೆ ಇದೆ, ತೆಗೆದುಕೋ. ಒಬ್ಬಳೇ ಕೂರಬೇಡ, ಆಲ್ವೀನಾಳ ಮನೆಗೆ ಹೋಗು.

ಒಂದು ಮಾತು ನೆನಪಿಟ್ಟುಕೋ. ಆ ಊರಿನಲ್ಲಿ ನನ್ನ ತಂಗಿಯಷ್ಟು ನೇರವಾದ ಮನುಷ್ಯರನ್ನು ನಾನು ನೋಡಿಲ್ಲ. ರಸ್ತೆ ದಾಟಿ ಮಾತಾಡಿದವಳು ನೀನು. ಸೋತರೂ ನೇರವಾಗಿ ಸೋತಿದ್ದೀಯ. ಬೇಡ ಅಂದವರೂ ಅದನ್ನು ಒಪ್ಪುತ್ತಾರೆ.

ಮರ್ಲ್


ಟ್ಯಾನ್ಸಿ ಫ್ಲಾಟ್
ಮಾರ್ಚ್ 20, 2008
(ಫ್ಯಾಕ್ಸ್, ಮೂರು ಹಾಳೆ. ತುರ್ತು: ಮರ್ಲ್ ಹಾಸೆ, ಶೀತಲ ವಿಭಾಗ. ಈಗಲೇ ಕೊಡಿ.)

ಮರ್ಲ್,

ನಾವು ಸೋತಿಲ್ಲ. ಅರವತ್ತು ಬೇಡ, ಅರ್ಧಕ್ಕಿಂತ ಒಂದು ಸಾಕು. ಆ ಪತ್ರಿಕೆಯ ತುಂಡು ನಿನ್ನ ಹತ್ತಿರ ಇನ್ನೂ ಇದ್ದರೆ ದಯವಿಟ್ಟು ಈಗ ಓದು.

ಬಾಕಿ ಇರುವ ಆ ಲಕೋಟೆ ನಿನ್ನದು. ಕೌಂಟಿಯ ಪತ್ರ ನಿನ್ನ ಮನೆಯ ಪೆಟ್ಟಿಗೆಗೆ ಬಂದಿದೆ. ನಿನ್ನ ಸಹಿ ನಿನ್ನ ಸಹಿಯ ಹಾಗಿಲ್ಲವಂತೆ. ನಲವತ್ತು ವರ್ಷ ಒಂದೇ ಸಹಿ ಹಾಕಿದವನಿಗೆ ಈಗ ಏನಾಯಿತು ಎಂದು ನನಗೆ ಅರ್ಥವಾಗುತ್ತಿಲ್ಲ. ಅವರ ಪತ್ರ ಎರಡನೇ ಹಾಳೆ. ಮೂರನೆಯದು ಹೊಸ ಸಹಿ ದಾಖಲಿಸುವ ಅರ್ಜಿ. ಅದಕ್ಕೆ ಸಹಿ ಮಾಡಿ ವಿಮಾನದ ಅಂಚೆಯಲ್ಲಿ ಕೌಂಟಿಗೆ ಕಳಿಸು. ಮಂಗಳವಾರ ಸಂಜೆಯೊಳಗೆ ತಲುಪಬೇಕು.

ಲೆಕ್ಕ ನಿನಗೂ ಗೊತ್ತಿರಲಿ. ನೀನು ಬೇಡ ಅಂದಿದ್ದರೆ ಸಮಸಮ. ಸಮ ಅಂದರೆ ನಮಗೆ ಸೋಲು, ಮೇಲಿನ ತರಗತಿಗಳಿಗೆ ಬೀಗ. ನೀನು ಅರ್ಜಿ ಕಳಿಸದಿದ್ದರೆ ನಾವು ಗೆದ್ದಂತೆ. ಆದರೂ ಕಳಿಸು. ಅದು ನಿನ್ನ ಮತ.

ಪತ್ರ ಇವತ್ತಷ್ಟೇ ಬಂತು.

ಲಿಯೋಟಾ


ಅಲ್ಯೂಷಿಯನ್ ದ್ವೀಪಗಳು
ಮಾರ್ಚ್ 21, 2008
(ಕೈಬರಹ, ಫ್ಯಾಕ್ಸ್)

ಲಿಯೋ,

ಈ ಕೋಳಿ ಕೆದರಿದಂಥ ಅಕ್ಷರ ನನ್ನದೇ. ಎಡಗೈ. ಟೈಪ್ ಮಾಡಿದ್ದೂ ಅದೇ ಕೈಯ ಒಂದೇ ಬೆರಳಿನಲ್ಲಿ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಜನವರಿ ಕೊನೆಯಲ್ಲಿ ಬಲಗೈ ಕಂಪ್ರೆಸರಿನ ಬೆಲ್ಟಿಗೆ ಸಿಕ್ಕಿತು. ಎರಡು ಬೆರಳು ಹೋದವು, ಉಳಿದವು ಇನ್ನೂ ಪಟ್ಟಿಯೊಳಗಿವೆ. ಪೆಟ್ಟಿಗಿಂತ ಹೆಚ್ಚು ನೋಯುವ ಮಾತು ಬೇರೆ. ಯಂತ್ರ ತಾನಾಗಿಯೇ ಶುರುವಾಗುತ್ತದೆ, ದೂರ ನಿಲ್ಲು ಎಂದು ಪರದೆಯ ಮೇಲೆ ಎಚ್ಚರಿಕೆ ಬಂದಿತ್ತು. ಕೆಂಪಗೆ ಮಿನುಗುತ್ತಿದ್ದುದನ್ನು ನಾನು ನೋಡಿದೆ. ಅದು ಯಾವ ಯಂತ್ರಕ್ಕೆ, ಏನು ಹೇಳುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆಯಾಯಿತು. ಮೂವತ್ತೆಂಟು ವರ್ಷ ಕಿವಿಯಲ್ಲಿ ಕೇಳಿ ಯಂತ್ರ ಓದಿದವನು ನಾನು ಎಂದುಕೊಂಡು ಕೈ ಹಾಕಿದೆ. ಅರಸೆಲಿ ಓಡಿ ಬಂದು ನಿಲ್ಲಿಸದಿದ್ದರೆ ತೋಳೇ ಹೋಗುತ್ತಿತ್ತು.

ನಿನಗೆ ಬರೆಯಲಿಲ್ಲ. ಬರೆದರೆ ನೀನು ಚುನಾವಣೆ ಬಿಟ್ಟು ಇಲ್ಲಿಗೆ ಹೊರಡುತ್ತಿದ್ದೆ. ಅಲ್ಲದೆ, ಕಾರ್ಪೆಟ್ ಕೋಣೆಯನ್ನು ಬೈದವನು ಪರದೆ ಓದಲು ಬಾರದೆ ಬೆರಳು ಕಳೆದುಕೊಂಡ ಎಂದು ಡೆಲ್ಬರ್ಟನಿಗೆ ಗೊತ್ತಾಗುವುದು ಬೇಡವಾಗಿತ್ತು.

ಪತ್ರಿಕೆಯ ತುಂಡನ್ನು ಅರಸೆಲಿ ಓದಿ ಹೇಳಿದಳು. ಆಮೇಲೆ ಕೇಳಿದಳು: "ಅಂಕಲ್, ಸೋಲುತ್ತೆ ಅಂದ್ಕೊಂಡೇ ಮತ ಹಾಕಿದ್ರಾ?" ಯಾವುದಕ್ಕೆ ಹಾಕಿದೆ ಎಂದು ಅವಳಿಗೂ ಹೇಳಿಲ್ಲ, ನಿನಗೂ ಹೇಳುವುದಿಲ್ಲ. ಗುಟ್ಟಿನ ಮತ ಎಂದರೆ ಗುಟ್ಟು.

ಅರ್ಜಿಗೆ ಎಡಗೈ ಸಹಿ ಮಾಡಿದ್ದೇನೆ. ಇವತ್ತಿನ ವಿಮಾನಕ್ಕೆ ಹೋಯಿತು.

ಇನ್ನೊಂದು. ಕೌಂಟಿಯ ಪತ್ರದ ಮೇಲೆ ಮಾರ್ಚ್ 13 ಎಂದಿದೆ. ಕೌಂಟಿ ಕಚೇರಿಯಿಂದ ನಮ್ಮ ಊರಿಗೆ ಇಪ್ಪತ್ತೆರಡು ಮೈಲಿ. ಕತ್ತೆಯ ಮೇಲೆ ಕಳಿಸಿದರೂ ಒಂದು ವಾರ ಬೇಡ. ಸುಮ್ಮನೆ ಹೇಳಿದೆ.

ಮರ್ಲ್


ಟ್ಯಾನ್ಸಿ ಫ್ಲಾಟ್
ಮಾರ್ಚ್ 26, 2008
(ಫ್ಯಾಕ್ಸ್)

ಮರ್ಲ್,

ಮೊದಲು ನಿನ್ನ ಕೈ. ನಿನ್ನ ಪತ್ರ ಓದಿ ಮೇವಿನ ಅಂಗಡಿಯ ಚೀಲಗಳ ಮೇಲೆ ಕೂತು ಅತ್ತೆ. ಟೈಪ್ ಮಾಡಿದ್ದಕ್ಕೆ ನಿನ್ನನ್ನು ಬೈದೆನಲ್ಲ, ಕ್ಷಮಿಸು. ಆಮೇಲೆ ಸಿಟ್ಟು ಬಂತು, ಅದನ್ನು ನೀನು ಬಂದಾಗ ಎದುರಿಗೇ ಹೇಳುತ್ತೇನೆ. ಅರಸೆಲಿಗೆ ನನ್ನ ಪರವಾಗಿ ಕೈ ಮುಗಿ.

ಅರ್ಜಿ ಮಂಗಳವಾರ ಮಧ್ಯಾಹ್ನ ತಲುಪಿತು. ಇವತ್ತು ಬೆಳಿಗ್ಗೆ ಕೌಂಟಿ ಕಚೇರಿಗೆ ನಾನೂ ಹೋದೆ, ಡೆಲ್ಬರ್ಟನೂ ಬಂದಿದ್ದ. ನಮ್ಮ ಶಾಲೆಯ ಪಾಲಿಗೆ ತೆರೆಯಬೇಕಾದ ಲಕೋಟೆ ಒಂದೇ. ಅದು ಯಾರದೆಂದು ಅಷ್ಟರಲ್ಲಿ ಇಡೀ ಊರಿಗೆ ಗೊತ್ತಾಗಿತ್ತು. ಇಬ್ಬರೂ ಹಗ್ಗದ ಈಚೆ ನಿಂತಿದ್ದೆವು.

"ಮರ್ಲ್‌ದು ಬೇಡಾನೇ. ಬರ್ಕೊಡ್ಲಾ?" ಅಂದ ಡೆಲ್ಬರ್ಟ್.

"ಏನೇ ಇರ್ಲಿ, ಎಣಿಸ್ಲಿ," ಅಂದೆ.

ಗುಮಾಸ್ತೆ ಲಕೋಟೆ ತೆರೆದು ಮತಪತ್ರವನ್ನು ಎಣಿಕೆಯ ಯಂತ್ರಕ್ಕೆ ಹಾಕಿದಳು. ಆಮೇಲೆ ಹಾಳೆ ಎತ್ತಿ ಓದಿದಳು. ಬೇಕು, ಆರುನೂರ ಹದಿಮೂರು. ಬೇಡ, ಆರುನೂರ ಹನ್ನೊಂದು.

ಡೆಲ್ಬರ್ಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆ ದ್ವೀಪ್‌ದಲ್ಲಿ ಅವ್ನಿಗೆ ಏನು ತಿನ್ನಿಸ್ತಿದಾರೆ?" ಅಂದ. ನಾನು ನಕ್ಕೆ, ಅತ್ತೆ, ಎರಡೂ ಒಟ್ಟಿಗೆ. ಹಗ್ಗ ದಾಟಿ ಗುಮಾಸ್ತೆಯನ್ನು ಅಪ್ಪಿಕೊಳ್ಳಲು ಹೋಗಿ ಬೈಸಿಕೊಂಡೆ. ನಿನ್ನ ಗುಟ್ಟಿನ ಮತ ಹೀಗೆ ಊರಿಗೆಲ್ಲ ಬಯಲಾಯಿತು, ಮರ್ಲ್. ಇದರಲ್ಲಿ ಯಾರ ತಪ್ಪೂ ಇಲ್ಲ, ಒಂದು ಕೂಡಿಸುವುದು ಎಲ್ಲರಿಗೂ ಬರುತ್ತದೆ. ಚಾವಣಿಯ ಕೆಲಸ ಬೇಸಿಗೆಯಲ್ಲಿ ಶುರು. ಮಕ್ಕಳು ಇಲ್ಲೇ ಓದುತ್ತಾರೆ.

ಈಗ ಆ ಕತ್ತೆಯ ವಿಷಯ. ನೀನು ಸುಮ್ಮನೆ ಹೇಳಿದ್ದಲ್ಲವೆಂದು ನನಗೂ ಗೊತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನೂ ಮುಟ್ಟಿ ನೋಡಿಕೊಂಡೆ. ಪತ್ರ ಬಂದದ್ದು ಹದಿನೈದಕ್ಕೆ, ಶನಿವಾರ. ಲಕೋಟೆಯ ಮೇಲೆ ಚುನಾವಣಾ ಕಚೇರಿಯ ಮುದ್ರೆ, ಕೆಳಗೆ ನಿನ್ನ ಹೆಸರು. ತೆರೆಯದೆಯೇ ಅರ್ಥವಾಯಿತು. ಬ್ರೆಡ್ ಡಬ್ಬಿಯ ಕೆಳಗೆ ಇಟ್ಟೆ. ನಾನೇನೂ ಮಾಡಬೇಕಾಗಿರಲಿಲ್ಲ, ಮರ್ಲ್. ಸುಮ್ಮನಿದ್ದರೆ ಸಾಕಿತ್ತು, ಶಾಲೆ ಉಳಿಯುತ್ತಿತ್ತು. ನಿನ್ನದು ಬೇಡವೇ ಎಂದು ನಾನೂ ಡೆಲ್ಬರ್ಟನಷ್ಟೇ ಖಚಿತವಾಗಿ ನಂಬಿದ್ದೆ. ಐದು ದಿನ ಆ ಡಬ್ಬಿಯಿಂದಲೇ ಬ್ರೆಡ್ ತೆಗೆದು ತಿಂದೆ. ಮೂರೂವರೆಯ ಮುಂಚೆ "ಬೇಕು" ಅನ್ನಲು ಒಪ್ಪದವಳು ನಾನು, ಅಣ್ಣನ ಮತವನ್ನು ಬಚ್ಚಿಟ್ಟೆ.

ಆರನೇ ದಿನ ನಿನ್ನ ಸಮಾಧಾನದ ಪತ್ರ ಬಂತು. ಅದರಲ್ಲಿ ಲೆಕ್ಕ ತಪ್ಪಿತ್ತು, ಉಳಿದದ್ದೆಲ್ಲ ನನ್ನ ಬಗ್ಗೆ ಇತ್ತು. ನನ್ನಷ್ಟು ನೇರವಾದ ಮನುಷ್ಯರನ್ನು ನೋಡಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಟು ಕೂಡ ಹಾಕದೆ ಮೇವಿನ ಅಂಗಡಿಗೆ ಓಡಿದೆ. ಅಲ್ಲಿ ನಿಂತು ಬರೆಯುವಾಗಲೂ "ಇವತ್ತಷ್ಟೇ ಬಂತು" ಎಂದು ಇನ್ನೊಂದು ಸುಳ್ಳು ಸೇರಿಸಿದೆ.

ಊರೆಲ್ಲ ನನ್ನ ಬೆನ್ನು ತಟ್ಟುತ್ತಿದೆ. ಈ ಐದು ದಿನ ಗೊತ್ತಿರುವುದು ನಿನಗೊಬ್ಬನಿಗೇ. ನೀನು ಏನು ಬೇಕಾದರೂ ಅನ್ನು.

ಲಿಯೋಟಾ


ಅಲ್ಯೂಷಿಯನ್ ದ್ವೀಪಗಳು
ಮಾರ್ಚ್ 28, 2008
(ಕೈಬರಹ, ಫ್ಯಾಕ್ಸ್)

ಲಿಯೋ,

ಐದು ದಿನ. ನಾನಾಗಿದ್ದರೆ ಗಡುವು ಮುಗಿಯುವವರೆಗೆ ಹತ್ತು ದಿನವೂ ಇಟ್ಟುಕೊಳ್ಳುತ್ತಿದ್ದೆ, ನಿನಗೆ ಕ್ಷಮೆಯನ್ನೂ ಕೇಳುತ್ತಿರಲಿಲ್ಲ. ಇನ್ನು ಆ ಮಾತು ಎತ್ತಬೇಡ. ಡೆಲ್ಬರ್ಟನಿಗೆ ನಾನೂ ಹೇಳುವುದಿಲ್ಲ.

ಇಲ್ಲಿಯ ಹಂಗಾಮು ಏಪ್ರಿಲಿನಲ್ಲಿ ಮುಗಿಯುತ್ತದೆ. ಈ ಕೈಯಿಂದ ಮತ್ತೆ ಇಲ್ಲಿಗೆ ಬರುವುದಿಲ್ಲ. ಅರಸೆಲಿ ಬಿಡುವಿನಲ್ಲಿ ಪರದೆ ಓದುವುದನ್ನು ಹೇಳಿಕೊಡುತ್ತಿದ್ದಾಳೆ. ನಾನು ಕಲಿಯುವುದು ನಿಧಾನ, ಅವಳಿಗೆ ತಾಳ್ಮೆ ಇದೆ. ಆದರೆ ಅವಳನ್ನು ಊರಿಗೆ ಕರೆದುಕೊಂಡು ಬರಲು ಆಗುವುದಿಲ್ಲವಲ್ಲ.

ಶಾಲೆಯಲ್ಲಿ ಸಂಜೆ ದೊಡ್ಡವರಿಗೂ ಕಂಪ್ಯೂಟರ್ ಪಾಠವಿದೆ ಎಂದು ನಾನು ಊರಲ್ಲಿದ್ದಾಗ ನೀನು ಹೇಳಿದ್ದೆ. ಅರವತ್ತೆರಡು ವರ್ಷದವರನ್ನು ಸೇರಿಸಿಕೊಳ್ಳುತ್ತಾರೆಯೇ? ಸೇರಿಸಿಕೊಂಡರೆ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೋ. ಆ ಕಾರ್ಪೆಟ್ ಕೋಣೆಯೊಳಗೆ ಮೊದಲ ದಿನ ನನ್ನ ಜೊತೆ ನೀನೂ ಬಾ.

ನಿನ್ನ ಅಣ್ಣ,
ಮರ್ಲ್